ಗಂಜಿಯವಳು, ಮುದ್ದೆಯವರು, ಹಪ್ಪಳದ ಹುಡುಗಿ

ಮೈಸೂರು ಪಾಕ್ ಹೇಗಿರಬೇಕು ಎಂಬ ವಾದ ಮೈಸೂರಿನಲ್ಲೇ ಇನ್ನೂ ಇತ್ಯರ್ಥವಾಗಿಲ್ಲ. ಒಳಗೆ ಗೂಡುಗೂಡಾಗಿದ್ದು, ಕಚ್ಚಿದರೆ ಪುಡಿಪುಡಿಯಾಗಿ ಉದುರುವ ಗಟ್ಟಿ ಪಾಕವೇ ಅಸಲಿ ಎನ್ನುವವರು ಒಂದು ಕಡೆ. ನಾಲಿಗೆಗೆ ತಾಗುತ್ತಲೇ ತುಪ್ಪವಾಗಿ ಇಳಿದುಹೋಗುವ ಮೆತ್ತನೆಯದೇ ಬೇಕು ಎನ್ನುವವರು ಇನ್ನೊಂದು ಕಡೆ. ಎರಡಕ್ಕೂ ಬೀಳುವುದು ಕಡಲೆಹಿಟ್ಟು, ಸಕ್ಕರೆ, ತುಪ್ಪ ಅಷ್ಟೇ. ಅಳತೆ, ಪಾಕದ ಹದ, ಕಾದ ತುಪ್ಪ ಸುರಿಯುವ ರೀತಿ ಬೇರೆಯಾದರೆ ತಿನಿಸೇ ಬೇರೆಯಾಗುತ್ತದೆ. ಕರಾವಳಿಗೆ ಇಳಿದರೆ ಹಲಸಿನ ಹಣ್ಣಿನಲ್ಲೂ ಇದೇ ಪಕ್ಷಭೇದ. ಬಕ್ಕೆಯ ತೊಳೆ ಗಟ್ಟಿ, ಹಲ್ಲಿಗೆ ಸಿಕ್ಕಿ ಕರಕ್ಕೆನ್ನುತ್ತದೆ. ತುಳುವದ ತೊಳೆ ಮೆತ್ತಗೆ, ಬೀಜದಿಂದ ಜಾರಿ ತಾನಾಗಿಯೇ ಗಂಟಲಿಗೆ ಇಳಿಯುತ್ತದೆ. ಬಕ್ಕೆಯನ್ನೇ ಹುಡುಕಿ ತಿನ್ನುವ ಹಿರಿಯರನ್ನು ಯಾರೂ ಹಟಮಾರಿಗಳು ಎಂದು ಕರೆಯುವುದಿಲ್ಲ. ಅವರಿಗೆ ಅದು ಸೇರುತ್ತದೆ, ಇದು ಸೇರುವುದಿಲ್ಲ ಎಂದು ಮಾತು ಅಲ್ಲಿಗೇ ಮುಗಿಯುತ್ತದೆ.

ಆದರೆ ಊಟದ ಪಂಕ್ತಿಯಲ್ಲಿ ಒಂದು ಮಗು ಬೆಂಡೆಕಾಯಿ ಹೋಳನ್ನು ಎಲೆಯ ಅಂಚಿಗೆ ಸರಿಸಲಿ, ಮಾತಿನ ಧಾಟಿಯೇ ಬದಲಾಗುತ್ತದೆ. ಮುದ್ದು ಹೆಚ್ಚಾಗಿದೆ ಎನ್ನುತ್ತಾರೆ, ಹಸಿವೆಂದರೇನು ಎಂದು ಗೊತ್ತಿಲ್ಲ ಎನ್ನುತ್ತಾರೆ, ಅನ್ನಪೂರ್ಣೆಗೆ ಅವಮಾನ ಎನ್ನುತ್ತಾರೆ. ಹಬ್ಬದ ಸಿಹಿಯಲ್ಲಿ, ಹಣ್ಣಿನಲ್ಲಿ ನಾವು ಸಲೀಸಾಗಿ ಒಪ್ಪಿಕೊಂಡ ಸಂಗತಿಯನ್ನು ದಿನದ ಊಟದಲ್ಲಿ ಒಪ್ಪುವುದಿಲ್ಲ. ತಿನ್ನುವುದೆಂದರೆ ರುಚಿ ಮಾತ್ರವಲ್ಲ, ಮುಟ್ಟುವುದೂ ಹೌದು. ಎಲ್ಲರ ಬಾಯಿಗೂ ಒಂದೇ ಸ್ಪರ್ಶ ಹಿತವಾಗುವುದಿಲ್ಲ. ಇದನ್ನು ನಾನು ಬಹಳ ಕಾಲದಿಂದ ಬರೆಯಬೇಕೆಂದುಕೊಂಡಿದ್ದೆ. ನಮ್ಮ ಮನೆಯಲ್ಲಿ ಮೂರು ಬಾಯಿಗಳು ಮೂರು ದಿಕ್ಕಿಗಿವೆ, ಅವುಗಳ ಜೊತೆಗಿನ ಬಾಳೇ ನನಗೆ ಇದನ್ನು ಕಲಿಸಿದ್ದು.

ಮೊದಲು ನನ್ನದು. ನಾನು ಹುಟ್ಟಿ ಬೆಳೆದದ್ದು ಕುಂದಾಪುರದ ಕಡೆ. ಅಲ್ಲಿ ಬಚ್ಚಲಿನ ನೀರು ಹರಿಯುವ ಜಾಗದಲ್ಲಿ ಬಸಳೆ ಚಪ್ಪರವಿಲ್ಲದ ಮನೆ ಅಪರೂಪ. ಬಸಳೆಗೆ ಸಿಗಡಿ ಹಾಕಿದರೆ ಒಂದು ರುಚಿ, ಹೆಸರುಕಾಳು ಹಾಕಿದರೆ ಇನ್ನೊಂದು. ನೆಂಟರು ಬಂದರೂ ಬಸಳೆ, ಬರದಿದ್ದರೂ ಬಸಳೆ. ನನಗೆ ಅದರ ಪರಿಮಳ ಇಂದಿಗೂ ಇಷ್ಟ. ಮಸಾಲೆ ಇಷ್ಟ, ದಂಟನ್ನು ಅಗಿಯುವುದೂ ಇಷ್ಟ. ಬೆಂದ ಎಲೆ ಮಾತ್ರ ನಾಲಿಗೆಯ ಮೇಲೆ ಬಿದ್ದ ಕ್ಷಣ ನುಣುಪಾಗಿ ಜಾರುತ್ತದೆಯಲ್ಲ, ಆ ಲೋಳೆ ಗಂಟಲ ಹಿಂಬದಿಗೆ ತಾಗುವಾಗ ಹೊಟ್ಟೆಯಿಂದಲೇ ಓಕರಿಕೆ ಏಳುತ್ತಿತ್ತು. ಚಿಕ್ಕಮ್ಮ ಪಕ್ಕದಲ್ಲಿ ಕುಳಿತು, "ಒಂದು ತುತ್ತು ತಿಂದರೆ ಸತ್ತುಹೋಗುವುದಿಲ್ಲ" ಎಂದು ತುತ್ತು ಮಾಡಿ ತುರುಕುತ್ತಿದ್ದರು. ಕಣ್ಣಲ್ಲಿ ನೀರು ತುಂಬಿಕೊಂಡು ನುಂಗುತ್ತಿದ್ದೆ. ಅವರು ಕೆಟ್ಟವರಲ್ಲ. ಬಸಳೆ ರಕ್ತಕ್ಕೆ ಒಳ್ಳೆಯದು ಎಂಬುದು ಅವರ ನಂಬಿಕೆ, ನಾನು ತೆಳ್ಳಗಿದ್ದೆ ಎಂಬುದು ಅವರ ಚಿಂತೆ. ಆದರೆ ಓಕರಿಕೆ ಮನಸ್ಸಿನ ಮಾತು ಕೇಳಿ ಬರುವಂಥದ್ದಲ್ಲ. ಕಣ್ಣಿಗೆ ಧೂಳು ಹಾರಿದಾಗ ರೆಪ್ಪೆ ತಾನೇ ಮುಚ್ಚುವ ಹಾಗೆ ಅದು ದೇಹವೇ ಮಾಡುವ ಕೆಲಸ. ಮಗು ಬೇಕೆಂದೇ ನಾಟಕ ಮಾಡುತ್ತಿದೆ ಎನ್ನುವವರು ಒಮ್ಮೆ ಅದರ ಕಣ್ಣನ್ನು ನೋಡಬೇಕು.

ಬೆಂಡೆಕಾಯಿಯದೂ ಬಸಳೆಯದೂ ಒಂದೇ ಕಥೆ. ಗಿಡ ತನ್ನೊಳಗೆ ನೀರು ಹಿಡಿದಿಟ್ಟುಕೊಳ್ಳಲು ಕಟ್ಟಿಕೊಂಡ ಸಕ್ಕರೆಯ ಉದ್ದುದ್ದ ಸರಪಣಿಗಳೇ ಆ ಲೋಳೆ. ಹೆಚ್ಚಿದಾಗ ಅದು ಹೊರಬರುತ್ತದೆ, ನೀರು ಸೋಕಿದರೆ ಉಬ್ಬಿ ಎಳೆ ಬಿಡುತ್ತದೆ. ಇದಕ್ಕೆ ಉಪಾಯವನ್ನು ನಮ್ಮ ಅಡುಗೆಮನೆಗಳು ಎಂದೋ ಕಂಡುಕೊಂಡಿವೆ. ತೊಳೆದ ಬೆಂಡೆಕಾಯಿಯನ್ನು ಬಟ್ಟೆಯಲ್ಲಿ ಒರೆಸಿ ಪೂರ್ತಿ ಒಣಗಿಸಬೇಕು, ಒಣಗಿದ ಮಣೆಯ ಮೇಲೆ ಒಣಗಿದ ಚೂರಿಯಿಂದ ಹೆಚ್ಚಬೇಕು, ಅಗಲ ಬಾಣಲೆಯಲ್ಲಿ ಮುಚ್ಚಳ ಮುಚ್ಚದೆ ಹುರಿಯಬೇಕು. ಹುಣಸೆಹುಳಿಯೋ ಹುಳಿ ಮಜ್ಜಿಗೆಯೋ ಬಿದ್ದರೆ ಎಳೆ ಕಡಿಯುತ್ತದೆ. ಬೆಂಡೆಕಾಯಿ ಗೊಜ್ಜಿಗೂ ಮಜ್ಜಿಗೆಹುಳಿಗೂ ಹುಳಿ ಅಷ್ಟು ಒಗ್ಗುವುದಕ್ಕೆ ಇದೂ ಒಂದು ಕಾರಣ. ಅಂದರೆ ಲೋಳೆಯನ್ನು ಸಹಿಸದವಳು ನಾನೊಬ್ಬಳೇ ಅಲ್ಲ. ಎಷ್ಟೋ ತಲೆಮಾರಿನ ಹೆಂಗಸರು ಯಾರ ಬಾಯಿಗೋ ಸೇರುವುದಿಲ್ಲವೆಂದು ಈ ಉಪಾಯಗಳನ್ನು ಹೂಡಿದ್ದಾರೆ. ಈ ಯೋಚನೆ ನನಗೆ ತುಂಬಾ ಧೈರ್ಯ ಕೊಟ್ಟಿತು.

ಹಾಲಿನ ಕೆನೆಯ ಮಾತು ಬಂದರೆ ಓದುವವರಲ್ಲೇ ಅರ್ಧ ಜನ ಮುಖ ಕಿವುಚುತ್ತಾರೆಂದು ನನಗೆ ಗೊತ್ತು. ಬಿಸಿ ಹಾಲಿನ ಮೇಲ್ಮೈಯಲ್ಲಿ ನೀರು ಆವಿಯಾಗುತ್ತಾ ಪ್ರೋಟೀನು ಮತ್ತು ಕೊಬ್ಬು ಸೇರಿ ಕಟ್ಟುವ ಪದರ ಅದು. ಗಟ್ಟಿ ಕೆನೆ ಬೆಣ್ಣೆಗೆ ಬೇಕು, ರೊಟ್ಟಿಗೆ ಸವರಿದರೆ ಚೆನ್ನ. ಕಾಫಿ ಕುಡಿಯುವಾಗ ತುಟಿಗೆ ಒದ್ದೆಯಾಗಿ ಅಂಟಿಕೊಂಡರೆ ಅದೇ ಕೆನೆ ಅಸಹ್ಯ. ಪದಾರ್ಥ ಒಂದೇ, ಎದುರಾಗುವ ರೀತಿ ಬೇರೆ.

ಇಷ್ಟೆಲ್ಲ ಸೇರದ ನನಗೆ ಜ್ವರ ಬಂದರೂ, ದಣಿದರೂ, ಮನಸ್ಸು ಕೆಟ್ಟರೂ ಬೇಕಾಗುವುದು ಕುಚ್ಚಲಕ್ಕಿ ಗಂಜಿ. ಕುಚ್ಚಲಕ್ಕಿ ಮಾಡುವಾಗ ಭತ್ತವನ್ನು ಹೊಟ್ಟಿನ ಸಮೇತ ನೆನೆಸಿ, ಬೇಯಿಸಿ, ಒಣಗಿಸಿ, ಆಮೇಲೆ ಗಿರಣಿಗೆ ಹಾಕುತ್ತಾರೆ. ಒಳಗಿನ ಪಿಷ್ಟ ಹೊಟ್ಟಿನೊಳಗೇ ಒಮ್ಮೆ ಬೆಂದು ಗಟ್ಟಿಯಾಗಿರುವುದರಿಂದ ಮತ್ತೆ ಎಷ್ಟು ಹೊತ್ತು ಕುದಿಸಿದರೂ ಅಗುಳು ಕರಗಿ ಅಂಟಾಗುವುದಿಲ್ಲ. ಬಟ್ಟಲಲ್ಲಿ ತಿಳಿ ಬೇರೆ, ಅಗುಳು ಬೇರೆ. ತಿಳಿ ಬೆಚ್ಚಗೆ ಇಳಿಯುತ್ತದೆ, ಹಿಂದೆಯೇ ದಪ್ಪ ಅಗುಳು ಹಲ್ಲಿಗೆ ಸಿಕ್ಕಿ ಮೆತ್ತಗೆ ಒಡೆಯುತ್ತದೆ. ಮಿಡಿ ಉಪ್ಪಿನಕಾಯಿಯ ಒಂದು ಚೂರು ಕಚ್ಚಿಕೊಂಡರೆ ಆಯಿತು. ಬಿಳಿ ಅಕ್ಕಿಯ ಗಂಜಿಯನ್ನು ನಾನು ಗಂಜಿ ಎಂದು ಒಪ್ಪುವುದೇ ಇಲ್ಲ. ಅದು ಕಲಸಿದ ಅಂಟು. ಈ ವಿಷಯದಲ್ಲಿ ನನ್ನ ಮಾತು ಖಂಡಿತ, ಯಾರು ಬೇಕಾದರೂ ಜಗಳಕ್ಕೆ ಬರಬಹುದು.

ಗಂಜಿಯಲ್ಲಿ ನನಗೆ ಸಿಗುವ ನೆಮ್ಮದಿ ಏನು ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಬಾಲ್ಯ, ಅಜ್ಜಿ, ಮಳೆಗಾಲ ಎಂದು ಬರೆಯುವುದು ಸುಲಭ, ಸುಳ್ಳೂ ಅಲ್ಲ. ಆದರೆ ಅದೇ ಬಾಲ್ಯದ ಅದೇ ಅಜ್ಜಿಯ ಬಸಳೆ ನನಗೆ ನೆಮ್ಮದಿ ಕೊಡುವುದಿಲ್ಲವಲ್ಲ. ನನಗನ್ನಿಸುವುದು ಇಷ್ಟು: ಗಂಜಿಯಲ್ಲಿ ಮುಂದಿನ ತುತ್ತು ಹೇಗಿರುತ್ತದೆ ಎಂದು ಬಾಯಿಗೆ ಮೊದಲೇ ಗೊತ್ತಿರುತ್ತದೆ. ಕೊನೆಯ ಗುಟುಕಿನ ತನಕ ಅದು ಮಾತು ತಪ್ಪುವುದಿಲ್ಲ. ಮೈ ಸೋತಾಗ ಬಾಯಿಗೆ ಕಾವಲು ಕಾಯುವ ಶಕ್ತಿ ಇರುವುದಿಲ್ಲ, ಆಗ ಕಾವಲು ಬೇಡದ ಊಟ ಬೇಕು.

ಮದುವೆಯಾಗಿ ಬಂದದ್ದು ಮಳವಳ್ಳಿ ಕಡೆಯ ಮನೆಗೆ. ಅಲ್ಲಿ ಮುದ್ದೆಗೆ ಹಿಟ್ಟು ಎಂದೇ ಹೆಸರು, ಎರಡು ಹೊತ್ತೂ ಹಿಟ್ಟು. ಅತ್ತೆ ಎಸರಿಟ್ಟು, ನೀರು ಕೊತಕೊತ ಕುದಿಯುವಾಗ ರಾಗಿಹಿಟ್ಟನ್ನು ಗುಡ್ಡೆಯಾಗಿ ಸುರಿದು, ನಡುವೆ ಕೋಲು ನಿಲ್ಲಿಸಿ ಬೇಯಲು ಬಿಡುತ್ತಾರೆ. ಆಮೇಲೆ ಪಾತ್ರೆಯನ್ನು ಕಾಲುಗಳ ನಡುವೆ ಅಮುಕಿ ಹಿಡಿದು, ಎರಡೂ ಕೈಯಿಂದ ಕೋಲು ತಿರುವುತ್ತಾರೆ. ಒಂದು ಗಂಟು ಉಳಿದರೂ ಅವರಿಗೆ ಸಮಾಧಾನವಿಲ್ಲ. ರಾಗಿಯಲ್ಲಿ ಗೋಧಿಯ ಅಂಟಿಲ್ಲ, ಮುದ್ದೆಯನ್ನು ಹಿಡಿದಿಡುವುದು ಕುದಿನೀರಿನಲ್ಲಿ ಬೆಂದ ಪಿಷ್ಟ ಮಾತ್ರ. ನೀರಿನ ಪ್ರಮಾಣ ಸ್ವಲ್ಪ ಹೆಚ್ಚುಕಡಿಮೆಯಾದರೂ ಅದು ಬೆರಳಿಗೆ ಅಂಟುತ್ತದೆ ಅಥವಾ ಬಿರಿಯುತ್ತದೆ. ಸರಿಯಾಗಿ ಕೂಡಿದ ಮುದ್ದೆ ಒದ್ದೆ ಕೈಯಲ್ಲಿ ಉರುಳಿಸಿದಾಗ ನುಣ್ಣಗೆ ಹೊಳೆಯುತ್ತದೆ. ಅದನ್ನು ನೋಡುವುದಕ್ಕೇ ಚೆನ್ನ.

ತಿನ್ನುವುದು ನನಗೆ ಬಹಳ ಕಷ್ಟವಾಯಿತು. ಅಗಿದೆ, ಅದು ಹಲ್ಲಿಗೆ ಮೆತ್ತಿಕೊಂಡಿತು. ಮಾವ ಎದುರಿನಿಂದ ನೋಡುತ್ತಿದ್ದವರು, "ಹಿಟ್ಟನ್ನು ಅಗಿಯಬಾರದು ಕಣಮ್ಮ. ಸಾರಿನಲ್ಲಿ ಹೊರಳಿಸು, ನುಂಗು. ಗಂಟಲು ನೋಡಿಕೊಳ್ಳುತ್ತದೆ" ಎಂದರು. ಹಲ್ಲಿಗೆ ಕೆಲಸವಿಲ್ಲದ ಊಟ ನನಗೆ ಹೊಸದು. ಅವರಿಗೆ ಸುಖವೆಲ್ಲ ಅಲ್ಲೇ ಇತ್ತು: ಬಿಸಿಯಾದ, ಭಾರವಾದ ತುತ್ತು ಬಸ್ಸಾರಿನಲ್ಲಿ ನೆನೆದು ಗಂಟಲಿನಲ್ಲಿ ನಿಧಾನಕ್ಕೆ ಇಳಿಯುವಾಗ ಎದೆಯ ತನಕ ಗೊತ್ತಾಗುವುದು. ಊರಿನ ಕುಚ್ಚಲಕ್ಕಿಯನ್ನು ನಾನು ಆಸೆಯಿಂದ ತಂದು ಗಂಜಿ ಮಾಡಿ ಬಡಿಸಿದಾಗ ಮಾವ ಎರಡು ಚಮಚ ಕುಡಿದು ಬಟ್ಟಲು ಕೆಳಗಿಟ್ಟರು. "ನೀರೋ ಅನ್ನವೋ ಗೊತ್ತಾಗುವುದಿಲ್ಲ, ಬಾಯೊಳಗೆ ಓಡಾಡುತ್ತದೆ" ಎಂದರು. ನನ್ನ ಪಾಲಿನ ಅಮೃತ ಅವರ ಬಾಯಿಗೆ ಅಶಾಂತಿ. ನಮ್ಮಿಬ್ಬರಲ್ಲಿ ಯಾರೂ ಸುಳ್ಳು ಹೇಳುತ್ತಿರಲಿಲ್ಲ.

ಈ ಮನೆಯ ಇನ್ನೊಂದು ಅಡುಗೆಯನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾರೆ. ಚಳಿಗಾಲದಲ್ಲಿ ಸೊಗಡಿನ ಅವರೆ ಬಂದಾಗ ಕಾಳನ್ನು ನೀರಲ್ಲಿ ನೆನೆಸಿ, ಒಂದೊಂದನ್ನೂ ಬೆರಳಲ್ಲಿ ಹಿತುಕಿ ಸಿಪ್ಪೆ ಬಿಡಿಸಿ ಹಿತಕಿದ ಬೇಳೆ ಮಾಡುತ್ತಾರೆ. ಸಿಪ್ಪೆ ಇದ್ದರೂ ರುಚಿ ಹೆಚ್ಚುಕಡಿಮೆ ಅದೇ. ಆದರೂ ಮನೆಮಂದಿಯೆಲ್ಲ ಗಂಟೆಗಟ್ಟಲೆ ಕುಳಿತು ಹಿತುಕುವುದು ಆ ಒಂದು ತೊಗಟೆ ನಾಲಿಗೆಗೆ ತಾಗದಿರಲಿ, ಬೇಳೆ ಬೆಣ್ಣೆಯಾಗಿ ಕರಗಲಿ ಎಂದು. ಸ್ಪರ್ಶಕ್ಕಾಗಿ ಇಷ್ಟು ಶ್ರಮ ಪಡುವ ಜನ, ಮಗುವೊಂದು ಸಾರಿನಲ್ಲಿರುವ ಟೊಮೆಟೊ ಸಿಪ್ಪೆಯನ್ನು ತೆಗೆದಿಟ್ಟರೆ ಏಕೆ ಸಿಟ್ಟಾಗುತ್ತಾರೆ?

ಆ ಮಗು ನನ್ನ ಮಗಳು. ಅವಳಿಗೆ ಮೆತ್ತನೆಯದು ಯಾವುದೂ ಹಿತವಲ್ಲ. ಗಂಜಿ ಬೇಡ, ಮುದ್ದೆ ಬೇಡ, ಬಾಳೆಹಣ್ಣು ಬೇಡ. ಪೊಂಗಲ್ ಕಂಡರೆ ಕೋಣೆಯಿಂದಲೇ ಹೊರಗೆ ಹೋಗುತ್ತಾಳೆ. ಮೊಸರನ್ನವಂತೂ ನಮ್ಮ ನಾಡಿನಲ್ಲಿ ಎಲ್ಲ ನೋವಿಗೂ ಮದ್ದು. ಅನ್ನವನ್ನು ಬಿಸಿಯಿರುವಾಗಲೇ ಹಿಚುಕಿ, ಹಾಲು ಬೆರೆಸಿ, ಆರಿದ ಮೇಲೆ ಮೊಸರು ಸೇರಿಸಿ ಎಷ್ಟು ಅಕ್ಕರೆಯಿಂದ ಮಾಡುತ್ತೇವೆ! ಆಮೇಲೆ ಅದರ ಮೇಲೆ ಸಾಸಿವೆ, ಕಡಲೆಬೇಳೆ, ಶುಂಠಿ ಚೂರು, ದಾಳಿಂಬೆ ಎಲ್ಲವನ್ನೂ ಹಾಕುತ್ತೇವೆ. ನುಣ್ಣಗಿನ ಮೊಸರಿನ ನಡುವೆ ಯಾವ ತುತ್ತಿನಲ್ಲಿ ಏನು ಸಿಗುತ್ತದೋ ಹೇಳಲಾಗದು. ಅವಳಿಗೆ ಭಯವಿರುವುದು ಆ ಅನಿರೀಕ್ಷಿತಕ್ಕೆ. ಗಟ್ಟಿ ಮೊಸರನ್ನು ಬೇರೆ ಬಟ್ಟಲಿನಲ್ಲಿ ಕೊಡಿ, ತಿನ್ನುತ್ತಾಳೆ. ಉದುರುದುರಾದ ಅನ್ನವನ್ನು ಪಕ್ಕದಲ್ಲಿಡಿ, ತಿನ್ನುತ್ತಾಳೆ. ಎರಡೂ ಕಲೆತರೆ ಮುಗಿಯಿತು.

ಅವಳಿಗೆ ನೆಮ್ಮದಿ ಕೊಡುವ ಊಟ ಹಪ್ಪಳ. ಅಳು ಬಂದಾಗ, ಶಾಲೆಯಲ್ಲಿ ಬೇಸರವಾದಾಗ, ಜ್ವರ ಇಳಿಯುವಾಗ ಕೇಳುವುದು ಸುಟ್ಟ ಉದ್ದಿನ ಹಪ್ಪಳ, ಚಕ್ಕುಲಿ, ಕೆಂಪಗೆ ಗರಿಗರಿಯಾದ ದೋಸೆಯ ಅಂಚು. ಕಾಯಿಲೆಯವರಿಗೆ ಮೆತ್ತಗೆ, ದುಃಖದಲ್ಲಿರುವವರಿಗೆ ಬೆಚ್ಚಗೆ ಎಂಬ ಲೆಕ್ಕ ಅವಳ ವಿಷಯದಲ್ಲಿ ನಡೆಯುವುದಿಲ್ಲ. ಹಪ್ಪಳ ಒಣಗಿರುತ್ತದೆ, ಎಲ್ಲಿಂದ ಮುರಿದರೂ ಅಷ್ಟೇ, ಯಾವುದೂ ಬೆರಳಿಗಂಟುವುದಿಲ್ಲ, ಕಡಿದಾಗ ದೊಡ್ಡ ಸದ್ದು ಬಂದು ಬಾಯಿಯ ಒಳಗೆ ಏನಾಗುತ್ತಿದೆ ಎಂಬುದು ಸ್ಪಷ್ಟವಾಗಿ ಗೊತ್ತಾಗುತ್ತದೆ. ಆ ಸದ್ದಿನ ಪಾತ್ರ ಸಣ್ಣದಲ್ಲ. 2004ರಲ್ಲಿ ಮಸ್ಸಿಮಿಲಿಯಾನೊ ಝಂಪಿನಿ ಮತ್ತು ಚಾರ್ಲ್ಸ್ ಸ್ಪೆನ್ಸ್ ಎಂಬ ಸಂಶೋಧಕರು ಆಲೂಗಡ್ಡೆ ಚಿಪ್ಸ್ ಕಡಿಯುವ ಸದ್ದನ್ನೇ ಹೆಡ್‌ಫೋನಿನಲ್ಲಿ ಹೆಚ್ಚಿಸಿ ಕೇಳಿಸಿದಾಗ, ತಿನ್ನುವವರಿಗೆ ಅದೇ ಚಿಪ್ಸ್ ಹೆಚ್ಚು ಗರಿಗರಿಯಾಗಿಯೂ ತಾಜಾ ಆಗಿಯೂ ಅನ್ನಿಸಿತು. ಗರಿಗರಿಯನ್ನು ನಾವು ಅರ್ಧ ಕಿವಿಯಿಂದಲೇ ತಿನ್ನುತ್ತೇವೆ.

ಊಟದ ಡಬ್ಬಿಯ ಕಷ್ಟ ಅಮ್ಮಂದಿರಿಗೆ ಗೊತ್ತು. ಅವಳ ಡಬ್ಬಿ ಮುಟ್ಟದೆ ವಾಪಸು ಬರುತ್ತಿತ್ತು, ಶಾಲೆಯಿಂದ ದೂರೂ ಬರುತ್ತಿತ್ತು. "ಬೆಳಿಗ್ಗೆ ಮನೆಯಲ್ಲಿ ತಿಂದ ದೋಸೆಯನ್ನೇ ಮಧ್ಯಾಹ್ನ ಬೇಡ ಎನ್ನುತ್ತಾಳಲ್ಲ, ಹಟವಲ್ಲದೆ ಇನ್ನೇನು?" ಎಂದು ಅಲ್ಲಿನವರ ಪ್ರಶ್ನೆ. ಹೆಂಚಿನಿಂದ ಎದ್ದ ದೋಸೆ ಬೇರೆ, ಮುಚ್ಚಿದ ಡಬ್ಬಿಯಲ್ಲಿ ತನ್ನದೇ ಹಬೆಗೆ ಬೆವೆತು ತೊಗಲಾದ ದೋಸೆ ಬೇರೆ. ಅನ್ನವೂ ಹಾಗೆಯೇ. ಬೆಂದಾಗ ಸಡಿಲವಾಗಿ ಹರಡಿಕೊಂಡ ಪಿಷ್ಟ ಆರುತ್ತಾ ಆರುತ್ತಾ ಮತ್ತೆ ಒತ್ತಾಗಿ ಜೋಡಿಸಿಕೊಳ್ಳುತ್ತದೆ, ಅದಕ್ಕೇ ತಣ್ಣಗಾದ ಅನ್ನ ಬಿರುಸಾಗುವುದು. ದೊಡ್ಡವರ ಬಾಯಿಗೆ ಅದು ಆರಿದ ಅನ್ನ, ಅವಳ ಬಾಯಿಗೆ ಬೇರೆಯೇ ಪದಾರ್ಥ. ಕೊನೆಗೆ ಅವಳನ್ನು ಕಾಪಾಡಿದ್ದು ಉತ್ತರ ಕರ್ನಾಟಕ. ಮೈಸೂರಿನಲ್ಲೂ ಸಿಗುವ ಜೋಳದ ಖಡಕ್ ರೊಟ್ಟಿ, ಜೊತೆಗೆ ಶೇಂಗಾ ಚಟ್ನಿಪುಡಿ. ಬೆಳಿಗ್ಗೆ ಹೇಗೋ ಮಧ್ಯಾಹ್ನವೂ ಹಾಗೆ, ವಾರ ಕಳೆದರೂ ಹಾಗೆ. ವಿಜಯಪುರದ ಬಿಸಿಲಿನಲ್ಲಿ ಬುತ್ತಿಗೆಂದು ಹುಟ್ಟಿದ ರೊಟ್ಟಿ ನಮ್ಮ ಹುಡುಗಿಯ ಶಾಲೆಯ ಮಧ್ಯಾಹ್ನಗಳನ್ನು ದಾಟಿಸಿತು.

ಅವಳನ್ನು ಒಮ್ಮೆ ಆಕ್ಯುಪೇಷನಲ್ ಥೆರಪಿಸ್ಟ್ ಒಬ್ಬರ ಬಳಿ, ಅಂದರೆ ಊಟ, ಉಡುಗೆಯಂಥ ದಿನನಿತ್ಯದ ಕೆಲಸಗಳಲ್ಲಿ ತೊಡಕಿರುವವರಿಗೆ ನೆರವಾಗುವ ತಜ್ಞರ ಬಳಿ, ಕರೆದುಕೊಂಡು ಹೋದೆವು. ಅವರು ತೂಕ, ಎತ್ತರ ನೋಡಿದರು, ಏನೇನು ತಿನ್ನುತ್ತಾಳೆ ಎಂದು ಪಟ್ಟಿ ಬರೆಸಿಕೊಂಡರು, ಅಂಗಿಯೊಳಗಿನ ಲೇಬಲ್ ಚುಚ್ಚುತ್ತದೆ ಎನ್ನುತ್ತಾಳೆಯೇ, ತಲೆ ಬಾಚಿಸಿಕೊಳ್ಳಲು ಒಪ್ಪುತ್ತಾಳೆಯೇ ಎಂದೆಲ್ಲ ಕೇಳಿದರು. ನಾಲಿಗೆಗೂ ತಲೆಬಾಚಣಿಗೆಗೂ ಏನು ಸಂಬಂಧ ಎಂದು ನನಗೆ ಮೊದಲು ಹೊಳೆಯಲಿಲ್ಲ. ಅವರು ವಿವರಿಸಿದರು. ಸಿಹಿ, ಹುಳಿ, ಖಾರ ಎಂದು ನಾವು ಒಟ್ಟಿಗೆ ಹೇಳಿದರೂ ಸಿಹಿ ಹುಳಿಗಳ ಸುದ್ದಿ ರುಚಿಮೊಗ್ಗುಗಳಿಂದ ಹೋಗುತ್ತದೆ. ಖಾರದ ಉರಿ, ಬಿಸಿ, ತಣ್ಣನೆ, ನುಣುಪು, ತರಿ ಇವುಗಳ ಸುದ್ದಿ ಬಹುಪಾಲು ಮುಖದ ಚರ್ಮಕ್ಕೂ ಬರುವ ಟ್ರೈಜೆಮಿನಲ್ ನರದ ಮೂಲಕ ಹೋಗುತ್ತದೆ. ತುಟಿ ಮತ್ತು ನಾಲಿಗೆಯ ತುದಿ ದೇಹದಲ್ಲೇ ಅತಿ ಸೂಕ್ಷ್ಮವಾಗಿ ಮುಟ್ಟಿ ತಿಳಿಯುವ ಜಾಗಗಳು, ಬೆರಳ ತುದಿಗೆ ಸಮ. ಕೆಲವರಲ್ಲಿ ಈ ಸ್ಪರ್ಶದ ಸುದ್ದಿ ಜೋರಾಗಿ ಬರುತ್ತದೆ. ಅಂಥವರಿಗೆ ಒರಟು ಬಟ್ಟೆಯೂ ಕಷ್ಟ, ಲೋಳೆಯೂ ಕಷ್ಟ.

ಅವರು ಹೇಳಿದ ಇನ್ನೊಂದು ಮಾತನ್ನು ಇಲ್ಲಿ ಬರೆದಿಡುವುದು ಅಗತ್ಯ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ರೋಗನಿರ್ಣಯ ಕೈಪಿಡಿಯ ಐದನೆಯ ಆವೃತ್ತಿಯಲ್ಲಿ ಎರಡು ಹೊಸ ಸಂಗತಿಗಳು ಸೇರಿದವು. ಆಟಿಸಂ ಗುರುತಿಸುವ ಲಕ್ಷಣಗಳಲ್ಲಿ ಸ್ಪರ್ಶ, ಸದ್ದು, ವಾಸನೆಗಳಿಗೆ ಅತಿಯಾಗಿಯೋ ತೀರಾ ಕಡಿಮೆಯಾಗಿಯೋ ಸ್ಪಂದಿಸುವುದು ಒಂದು. ಆರ್‌ಫಿಡ್ ಎಂಬ ಆಹಾರ ಸಮಸ್ಯೆ ಇನ್ನೊಂದು. ಅದರಲ್ಲಿ ತೆಳ್ಳಗಾಗಬೇಕೆಂಬ ಆಸೆ ಇರುವುದಿಲ್ಲ. ತಿನಿಸಿನ ಸ್ಪರ್ಶ, ವಾಸನೆ, ಬಣ್ಣ ಸಹಿಸಲಾಗದೆಯೋ, ತಿನ್ನುವುದರಲ್ಲಿ ಆಸಕ್ತಿಯೇ ಇಲ್ಲದೆಯೋ, ಗಂಟಲಿಗೆ ಸಿಕ್ಕಿಕೊಂಡೀತೆಂಬ ಭಯದಿಂದಲೋ ಊಟ ಎಷ್ಟು ಕುಗ್ಗುತ್ತದೆಂದರೆ ದೇಹಕ್ಕೆ ಬೇಕಾದದ್ದು ಸಿಗುವುದಿಲ್ಲ. ಮಗುವಿನ ತೂಕ ಇಳಿಯುತ್ತಿದ್ದರೆ, ತಿನ್ನುವ ಪದಾರ್ಥಗಳ ಪಟ್ಟಿ ತಿಂಗಳಿಂದ ತಿಂಗಳಿಗೆ ಚಿಕ್ಕದಾಗುತ್ತಿದ್ದರೆ, ಊಟದ ಹೊತ್ತೇ ನಡುಕ ಹುಟ್ಟಿಸುತ್ತಿದ್ದರೆ ತಡಮಾಡದೆ ಮಕ್ಕಳ ವೈದ್ಯರನ್ನು ಕಾಣಬೇಕು. ನಮ್ಮ ಹುಡುಗಿ ಆ ಮಟ್ಟದಲ್ಲಿರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಒತ್ತಾಯವಿಲ್ಲದ ತಟ್ಟೆ. ಹೊಸದನ್ನು ಪಕ್ಕದ ಸಣ್ಣ ತಟ್ಟೆಯಲ್ಲಿಡಿ, ಮುಟ್ಟಲಿ, ಮೂಸಲಿ, ಬಿಡಲಿ ಎಂದರು. ಒಂದು ಹೊಸ ತಿನಿಸು ಮಗುವಿಗೆ ಒಗ್ಗಲು ಹತ್ತು ಹದಿನೈದು ಸಲ ಕಣ್ಣಿಗೆ ಬಿದ್ದು ನಾಲಿಗೆಗೆ ಸೋಕಬೇಕಾಗಬಹುದು. ತುರುಕಿದರೆ ಆ ಲೆಕ್ಕ ಮತ್ತೆ ಸೊನ್ನೆಗೆ ಬರುತ್ತದೆ.

ಅತ್ತೆಗೆ ಇದೆಲ್ಲ ಹಿಡಿಸಲಿಲ್ಲ. "ನಮ್ಮ ಕಾಲದಲ್ಲಿ ತಟ್ಟೆಗೆ ಬಿದ್ದದ್ದನ್ನು ತಿನ್ನುತ್ತಿದ್ದೆವು" ಎನ್ನುತ್ತಿದ್ದರು. ಬರಗಾಲ ಕಂಡವರ ಮಾತು ಅದು, ಹಗುರವಾಗಿ ತೆಗೆದುಕೊಳ್ಳುವಂಥದ್ದಲ್ಲ. ಹಸಿವು ಎಷ್ಟೋ ನಾಲಿಗೆಗಳ ಬಾಯಿ ಮುಚ್ಚಿಸಿತ್ತು ಎಂಬುದು ನನ್ನ ಎಣಿಕೆ. ಸೇರದಿದ್ದರೂ ನುಂಗಿದವರು ಆಗಲೂ ಇದ್ದರು, ಯಾರೂ ಅವರನ್ನು ಕೇಳಲಿಲ್ಲ. ನಾನು ಅತ್ತೆಯೊಡನೆ ವಾದಕ್ಕೆ ಹೋಗಲಿಲ್ಲ. ಮನೆಯವರೆಲ್ಲರ ಕಣ್ಣು ತೆರೆಸಿದ್ದು ಬೇರೆ ಘಟನೆ.

ಮಾವನಿಗೆ ಪಾರ್ಶ್ವವಾಯು ಆಯಿತು. ಎಡಗೈ ಸ್ವಲ್ಪ ಸ್ವಲ್ಪವಾಗಿ ಮರಳಿತು, ಮಾತು ಮರಳಿತು, ನುಂಗುವುದು ಮಾತ್ರ ಹಿಂದೆ ಉಳಿಯಿತು. ಮೂಗಿನ ನಳಿಕೆ ತೆಗೆದ ದಿನ ಅತ್ತೆ ಗಂಜಿ ಮಾಡಿಕೊಂಡು ಆಸ್ಪತ್ರೆಗೆ ಬಂದರು. ಕಾಯಿಲೆಯವರಿಗೆ ಗಂಜಿಗಿಂತ ಸುರಕ್ಷಿತವಾದದ್ದು ಇನ್ನೇನಿದೆ? ನುಂಗುವಿಕೆಯ ತರಬೇತಿ ಕೊಡುವ ತಜ್ಞೆ ಬಟ್ಟಲನ್ನು ನೋಡಿ ತಡೆದರು. ಗಂಟಲಿನ ಸ್ನಾಯುಗಳು ನಿಧಾನವಾದವರಿಗೆ ಅತಿ ಅಪಾಯದ್ದೇ ಇದು ಎಂದರು. ತೆಳು ನೀರು ಬೇಗ ಓಡುತ್ತದೆ, ಗಂಟಲು ಬಾಗಿಲು ಹಾಕುವ ಮುನ್ನವೇ ಶ್ವಾಸನಾಳಕ್ಕೆ ನುಗ್ಗುತ್ತದೆ. ಅದರೊಳಗೆ ಅಗುಳೂ ಇದ್ದರೆ ಬಾಯಿ ಒಂದೇ ಹೊತ್ತಿನಲ್ಲಿ ಎರಡು ಕೆಲಸ ಮಾಡಬೇಕು, ಅಗಿಯಲೂ ಬೇಕು, ನೀರನ್ನು ತಡೆದು ಹಿಡಿಯಲೂ ಬೇಕು. "ನೀರೋ ಅನ್ನವೋ ಗೊತ್ತಾಗುವುದಿಲ್ಲ, ಬಾಯೊಳಗೆ ಓಡಾಡುತ್ತದೆ" ಎಂದು ಮಾವ ಅಂದು ಹೇಳಿದ ಮಾತನ್ನೇ ಆಕೆ ವೈದ್ಯಕೀಯದ ಭಾಷೆಯಲ್ಲಿ ಹೇಳುತ್ತಿದ್ದರು. ನನ್ನ ಮಗಳು ಮೊಸರನ್ನದ ಬಗ್ಗೆ ಹೇಳುವುದೂ ಅದನ್ನೇ.

ಇಂಥ ರೋಗಿಗಳ ಊಟಕ್ಕೆ ಐಡಿಡಿಎಸ್‌ಐ ಎಂಬ ಅಂತರರಾಷ್ಟ್ರೀಯ ಅಳತೆಯಿದೆ. ನೀರಿನಂಥದ್ದಕ್ಕೆ 0, ಸಾಮಾನ್ಯ ಊಟಕ್ಕೆ 7, ನಡುವೆ ಮೆಟ್ಟಿಲು ಮೆಟ್ಟಿಲಾಗಿ ಗಟ್ಟಿಯಾಗುತ್ತಾ ಹೋಗುತ್ತದೆ. ತಜ್ಞೆ ನಮ್ಮ ಅಡುಗೆಮನೆಗೆ ಹೊಂದುವಂತೆ ಅದನ್ನು ಕಲಿಸಿಕೊಟ್ಟರು. ರಾಗಿ ಅಂಬಲಿಯನ್ನು 10 ಮಿಲಿಲೀಟರ್ ಸಿರಿಂಜಿಗೆ ತುಂಬಿ, ತುದಿಗೆ ಹಿಡಿದ ಬೆರಳು ತೆಗೆದು 10 ಸೆಕೆಂಡ್ ಹರಿಯಲು ಬಿಡಬೇಕು. 4ರಿಂದ 8 ಮಿಲಿಲೀಟರ್ ಉಳಿದರೆ ಎರಡನೆಯ ಹಂತ, 8ಕ್ಕಿಂತ ಹೆಚ್ಚು ಉಳಿದು ನಿಧಾನವಾಗಿ ಹರಿಯುತ್ತಿದ್ದರೆ ಮೂರನೆಯದು. ಚಮಚವನ್ನು ಓರೆ ಮಾಡಿದಾಗ ಇಡೀ ಮುದ್ದೆಯಾಗಿ ಜಾರಿ ಬಿದ್ದು, ಚಮಚಕ್ಕೆ ಅಂಟದಿದ್ದರೆ ನಾಲ್ಕನೆಯದು. ಅತ್ತೆ ಕನ್ನಡಕ ಹಾಕಿಕೊಂಡು ಸಿರಿಂಜಿನ ಗೆರೆ ಎಣಿಸುತ್ತಿದ್ದರು. ಜೀವಮಾನವಿಡೀ ಕೈಯಳತೆಯಲ್ಲಿ ಹಿಟ್ಟು ತಿರುವಿದವರು, ಎಷ್ಟು ಹಿಟ್ಟಿಗೆ ಎಷ್ಟು ನೀರು ಹಾಕಿದರೆ ಯಾವ ಹಂತ ಬರುತ್ತದೆ ಎಂಬುದನ್ನು ನಮಗಿಂತ ಬೇಗ ಹಿಡಿದರು. ಅಂಬಲಿ ಆರಿದರೆ ಗಟ್ಟಿಯಾಗುತ್ತದೆ, ಆದ್ದರಿಂದ ತಿನ್ನುವ ಬಿಸಿಯಲ್ಲೇ ಅಳೆಯಬೇಕು ಎಂದು ನಮಗೇ ಹೇಳಿಕೊಟ್ಟರು. ಬಾಯಿಗಿಟ್ಟ ಚಮಚವನ್ನೇ ಮತ್ತೆ ಮತ್ತೆ ಬಟ್ಟಲಿಗೆ ಅದ್ದಿದರೆ ಕೊನೆಕೊನೆಗೆ ಅಂಬಲಿ ನೀರಾಗುವುದನ್ನೂ ಅವರೇ ಕಂಡರು. ಎಂಜಲಿನಲ್ಲಿರುವ ಕಿಣ್ವ ಪಿಷ್ಟವನ್ನು ಕಡಿಯುತ್ತದೆ ಎಂದು ತಜ್ಞೆ ಕಾರಣ ಹೇಳಿದರು. ಮಕ್ಕಳಿಗೆ ರಾಗಿ ಸರಿ ತಿನ್ನಿಸುವಾಗ ಬಟ್ಟಲಿನ ತಳ ನೀರಾಗುವುದನ್ನು ಅತ್ತೆ ಎಷ್ಟೋ ಕಾಲದಿಂದ ನೋಡಿದ್ದರಂತೆ.

ಮಾವ ಕೇಳುತ್ತಿದ್ದದ್ದು ಹಿಟ್ಟನ್ನು. ಅಂಟುವ, ಅಗಿಯದೆ ನುಂಗುವ ತುತ್ತು ಅವರಿಗೆ ಆಗ ಕಂಟಕ. ಯಾವ ಗಂಟಲು ಎಲ್ಲವನ್ನೂ ನೋಡಿಕೊಳ್ಳುತ್ತದೆ ಎಂದಿದ್ದರೋ ಅದೇ ಕೈಕೊಟ್ಟಿತ್ತು. ಅತ್ತೆ ಗಟ್ಟಿ ಅಂಬಲಿಗೆ ಬಸ್ಸಾರಿನ ಖಾರವನ್ನು ನುಣ್ಣಗೆ ರುಬ್ಬಿ, ಸೋಸಿ, ಹದ ನೋಡಿ ಬೆರೆಸಿದರು. ಮಾವ ಒಂದು ಚಮಚ ಬಾಯಿಗಿಟ್ಟು, ಹೇಳಿಕೊಟ್ಟಂತೆ ಗದ್ದವನ್ನು ಎದೆಯ ಕಡೆಗೆ ಬಾಗಿಸಿ ನುಂಗಿದರು. "ಹಿಟ್ಟಿನ ವಾಸನೆ ಇದೆ" ಎಂದರು. ಸ್ವಲ್ಪ ಹೊತ್ತಿಗೆ, "ಭಾರ ಇಲ್ಲ" ಎಂದರು. ರುಚಿ, ವಾಸನೆ, ಬಣ್ಣ ಎಲ್ಲವನ್ನೂ ಕೊಟ್ಟಿದ್ದೆವು. ಅವರಿಗೆ ಬೇಕಾಗಿದ್ದ ಸುಖ ಆ ಭಾರದಲ್ಲಿತ್ತು, ಅದನ್ನು ಕೊಡಲು ಯಾರಿಂದಲೂ ಆಗುತ್ತಿರಲಿಲ್ಲ. ಅತ್ತೆ ಅಂದಿನಿಂದ ಮೊಮ್ಮಗಳ ತಟ್ಟೆಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಅವಳ ಸಾರನ್ನು ತಾವಾಗಿಯೇ ಜರಡಿಯಲ್ಲಿ ಸೋಸಿ ಬೇರೆ ಬಟ್ಟಲಿನಲ್ಲಿ ಇಡತೊಡಗಿದರು.

ಈಗ ಮಾವ ಹಿಚುಕಿದ ಅನ್ನವನ್ನು ಗಟ್ಟಿ ಬೇಳೆಸಾರಿನಲ್ಲಿ ಕಲಸಿ ತಿನ್ನುವಷ್ಟು ಸುಧಾರಿಸಿದ್ದಾರೆ. ಈ ಯುಗಾದಿಗೆ ಒಬ್ಬಟ್ಟಿನ ಪ್ರಶ್ನೆ ಬಂತು. ಕಣಕ ಅವರ ಗಂಟಲಿಗೆ ಆಗದು, ಹೂರಣ ಮೊಮ್ಮಗಳ ನಾಲಿಗೆಗೆ ಆಗದು. ಅತ್ತೆ ಬೇಳೆ ಹೂರಣವನ್ನು ಒರಳಿನಲ್ಲಿ ಮತ್ತೊಮ್ಮೆ ನುಣ್ಣಗೆ ತಿರುವಿ, ಬೆಚ್ಚನೆಯ ಹಾಲಿನಲ್ಲಿ ಸಡಿಲಿಸಿ, ಚಮಚ ಓರೆ ಮಾಡಿ ನೋಡಿ ಮಾವನ ಬಟ್ಟಲಿಗೆ ಹಾಕಿದರು. ಹೂರಣವಿಲ್ಲದ ಬರಿ ಕಣಕವನ್ನು ಎಣ್ಣೆ ಸವರಿ ತೆಳ್ಳಗೆ ತಟ್ಟಿ, ಹೆಂಚಿನ ಮೇಲೆ ಹಪ್ಪಳದಷ್ಟು ಗರಿಗರಿಯಾಗುವ ತನಕ ಬಿಟ್ಟು, ಬೆಲ್ಲದ ಪುಡಿ ಉದುರಿಸಿ ಮಗಳಿಗೆ ಕೊಟ್ಟರು. ಅವಳು ಮೂರನೆಯದನ್ನು ಕೇಳುವಷ್ಟರಲ್ಲಿ ಕಣಕ ಮುಗಿದಿತ್ತು. ಗೌರಿ ಹಬ್ಬಕ್ಕೆ ಚಿರೋಟಿ ರವೆ ಒಂದು ಪಾವು ಹೆಚ್ಚು ತರಬೇಕೆಂದು ಅತ್ತೆ ಸಾಮಾನಿನ ಪಟ್ಟಿಯಲ್ಲಿ ಆಗಲೇ ಬರೆಸಿದ್ದಾರೆ.